ಲೆವೆಲ್ ಮೂರಕ್ಕೆ ಮೂರು ಕೊಟೇಶನ್

ಮಾತಾಡುವವರು ಇಬ್ಬರು. ಒಬ್ಬಳು ನವಿಮುಂಬಯಿಯ ಮಹಾಪೆಯಲ್ಲಿ ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯ ಒಡತಿ. ಇನ್ನೊಬ್ಬರು ಅವಳ ಚಿಕ್ಕಪ್ಪ, ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಜಾಗ, ಡೊಂಬಿವಲಿ ಪೂರ್ವದಲ್ಲಿರುವ ಚಿಕ್ಕಪ್ಪನ ಮನೆ.

— ಚಿಕ್ಕಪ್ಪ, ಈ ಮೂರು ಕೊಟೇಶನ್ ಸ್ವಲ್ಪ ನೋಡಿ. ಸರ್ಕಾರಿ ಆಸ್ಪತ್ರೆಗಳ ಒಂದು ಟೆಂಡರಿಗೆ ಹಾಕಬೇಕೆಂದಿದ್ದೇವೆ. ಅರ್ಹತೆಯ ಷರತ್ತಿನಲ್ಲಿ, ಕಂಪನಿಯ ಕೆಲಸದ ಕ್ರಮ ಎಷ್ಟು ಪಕ್ವ ಅಂತ ಮಟ್ಟಗಳಲ್ಲಿ ಅಳೆಯುತ್ತಾರಲ್ಲ, ಆ ಸಿಎಂಎಂಐಯ ಲೆವೆಲ್ 3 ಕೇಳಿದ್ದಾರೆ. ಥಾಣೆಯವರೊಬ್ಬರು 45 ದಿನದಲ್ಲಿ ಲೆವೆಲ್ ಗ್ಯಾರಂಟಿ, ದಾಖಲೆಗಳೆಲ್ಲ ನಮ್ಮದೇ ಅಂತ ಬರೆದುಕೊಟ್ಟಿದ್ದಾರೆ. ವಾಶಿಯವರು ಎಂಟು ಹತ್ತು ತಿಂಗಳು ಬೇಕು ಅಂತಾರೆ, ರೇಟೂ ಇವರ ಎರಡು ಪಟ್ಟು. ಮೂರನೆಯದು ದೊಡ್ಡ ಹೆಸರಿನ ಕಂಪನಿ.

— ಟೆಂಡರಿನ ಕೊನೆಯ ದಿನ ಯಾವಾಗ?

— ಎರಡು ತಿಂಗಳುಂಟು.

— ಹಾಗಾದರೆ ಆ ಟೆಂಡರನ್ನು ಈ ಲೆಕ್ಕದಿಂದ ಹೊರಗಿಡು. ಜಂಟಿಯಾಗಿ ಹಾಕಲು ಅವಕಾಶ ಉಂಟೋ ನೋಡು. ಇದ್ದರೆ ಲೆವೆಲ್ ಇರುವ ಕಂಪನಿಯೊಂದರ ಜೊತೆ ಸೇರಿ ಹಾಕು. ಇಲ್ಲದಿದ್ದರೆ ಬಿಡು, ಇಂಥದು ಮತ್ತೆ ಬರುತ್ತದೆ. ಎರಡು ತಿಂಗಳ ಅವಸರ ತಲೆಯಲ್ಲಿಟ್ಟುಕೊಂಡು ಕನ್ಸಲ್ಟೆಂಟನ್ನು ಆರಿಸಲು ಕೂತರೆ 45 ದಿನದವನೇ ಒಳ್ಳೆಯವನಾಗಿ ಕಾಣುತ್ತಾನೆ.

— ಕಾಣುವುದೇನು, ನನಗೆ ಗೊತ್ತಿರುವ ಇಬ್ಬರು ಅಂಥವರಿಂದಲೇ ಮಾಡಿಸಿಕೊಂಡಿದ್ದಾರೆ. ಅವರಿಗೆ ಕೆಲಸವೂ ಸಿಕ್ಕಿತು. ಅವರು ಗೆದ್ದರು, ನಾನು ಹೊರಗೆ ಕೂತೆ.

— ನಿನ್ನ ಸಂಕಟ ಸುಳ್ಳಲ್ಲ. ಆದರೆ ಅವನು ಯಾವುದಕ್ಕೆ ಗ್ಯಾರಂಟಿ ಕೊಡುತ್ತಿದ್ದಾನೆ ನೋಡು. ಲೆವೆಲ್ ಕೊಡುವುದು ಅವನಲ್ಲ. ಸಿಎಂಎಂಐ ನೋಡಿಕೊಳ್ಳುವ ಇಸಾಕಾ ಸಂಸ್ಥೆಯ ಮಾನ್ಯತೆ ಇರುವ ಲೀಡ್ ಅಪ್ರೈಸರ್ ಒಬ್ಬರು ತಂಡ ಕಟ್ಟಿಕೊಂಡು ಬಂದು ನಿನ್ನ ಪ್ರಾಜೆಕ್ಟುಗಳನ್ನು ಪರೀಕ್ಷೆ ಮಾಡುತ್ತಾರೆ. ಅವರು ಕಳಿಸಿದ ಫಲಿತಾಂಶವನ್ನು ಇಸಾಕಾ ಇನ್ನೊಮ್ಮೆ ಪರಿಶೀಲಿಸಿ ಆಮೇಲೆ ಪ್ರಕಟಿಸುತ್ತದೆ. ಇಷ್ಟು ಕೈಗಳನ್ನು ದಾಟಿ ಬರಬೇಕಾದ ಫಲಿತಾಂಶಕ್ಕೆ ಇವನು ಇವತ್ತೇ ಮಾತು ಕೊಡುತ್ತಾನೆಂದರೆ, ಒಂದೋ ಅವನಿಗೆ ಈ ಪದ್ಧತಿ ಗೊತ್ತಿಲ್ಲ, ಇಲ್ಲವೇ ಯಾರ ಜೊತೆಗೋ ಒಳಒಪ್ಪಂದ ಉಂಟು. ಎರಡರಲ್ಲಿ ಯಾವುದಾಗಿದ್ದರೂ ಅವನು ನಿನಗೆ ಬೇಡ.

— 45 ದಿನದಲ್ಲಿ ಆಗಲಿಕ್ಕೇ ಸಾಧ್ಯ ಇಲ್ಲವಾ? ನಮ್ಮದು ಸಣ್ಣ ಕಂಪನಿ, ಪ್ರಾಜೆಕ್ಟುಗಳೂ ಚಿಕ್ಕವು.

— ದಾಖಲೆ ಬರೆಯಲು ಅಷ್ಟು ದಿನ ಧಾರಾಳ ಸಾಕು. ಅಭ್ಯಾಸ ಆಗಲು ಸಾಲದು. 2018ರಲ್ಲಿ ಬಂದ ಸಿಎಂಎಂಐಯ ಎರಡನೇ ಆವೃತ್ತಿಯಿಂದ ಈಚೆಗೆ, 2023ರ ಮೂರನೇ ಆವೃತ್ತಿಯಲ್ಲೂ, ಕೆಲಸದ ಕ್ರಮ ರೂಢಿಯಾಗಿದೆಯೋ, ಒತ್ತಡ ಬಂದಾಗಲೂ ಉಳಿಯುತ್ತದೆಯೋ ಎಂದು ನೋಡುತ್ತಾರೆ. ಮೇಲಿನವರು ಏನು ಮಾಡಬೇಕು ಎಂಬುದಕ್ಕೇ ಒಂದು ಭಾಗ ಇಟ್ಟಿದ್ದಾರೆ. ಅಂದರೆ ಪ್ರಶ್ನೆ ನಿನಗೂ ಬರುತ್ತದೆ, ನಿನ್ನ ಮ್ಯಾನೇಜರಿಗೆ ಮಾತ್ರ ಅಲ್ಲ. ಹಿಂದೆ ಕೆಲವರು ಎರಡು ಪ್ರಾಜೆಕ್ಟುಗಳನ್ನು ಚೆನ್ನಾಗಿ ತೊಳೆದು ಒರೆಸಿ ಅದನ್ನೇ ತೋರಿಸುತ್ತಿದ್ದರು. ಈಗ ಯಾವ ಪ್ರಾಜೆಕ್ಟಿನಲ್ಲಿ ಏನು ನೋಡಬೇಕು ಎಂಬ ಸ್ಯಾಂಪಲ್ಲನ್ನು ಇಸಾಕಾದ ವ್ಯವಸ್ಥೆಯೇ ಯಾದೃಚ್ಛಿಕವಾಗಿ ಆರಿಸುತ್ತದೆ. ‘ಎರಡು ಪ್ರಾಜೆಕ್ಟ್ ರೆಡಿ ಇಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎನ್ನುವವನು ಹಳೆಯ ಕಾಲದಲ್ಲೇ ನಿಂತಿದ್ದಾನೆ.

— ಹಾಗೆ ಅಂದದ್ದುಂಟು ಅವರು. ಎರಡೇ ಪ್ರಾಜೆಕ್ಟ್ ಸಾಕು ಅಂದರು.

— ನೋಡು ಮತ್ತೆ.

— ಆದರೂ ನನಗೊಂದು ಸಂಶಯ. ಟೆಂಡರಿಗೋಸ್ಕರ ಲೆವೆಲ್ ಮಾಡಿಸುವುದೇ ತಪ್ಪು, ನಿಜವಾದ ಸುಧಾರಣೆಗೆ ಮಾಡಬೇಕು ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಸಂಬಳ ಕೊಡಬೇಕಾದವಳಿಗೆ ಟೆಂಡರ್ ಮುಖ್ಯ ಆಗುತ್ತದೆ, ಚಿಕ್ಕಪ್ಪ.

— ಟೆಂಡರಿಗೋಸ್ಕರ ಮಾಡಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಇದು ಹುಟ್ಟಿದ್ದೇ ಕೊಳ್ಳುವವನ ಕಡೆಯಿಂದ. ಅಮೆರಿಕದ ರಕ್ಷಣಾ ಇಲಾಖೆ ದುಡ್ಡು ಹಾಕಿ 1984ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ಕಟ್ಟಿಸಿತು. ಸಾಫ್ಟ್‌ವೇರ್ ಒದಗಿಸುವ ಗುತ್ತಿಗೆದಾರರಲ್ಲಿ ಯಾರಿಗೆ ಕೆಲಸ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಮೊದಲೇ ತಿಳಿಯುವ ದಾರಿ ಬೇಕೆಂದು ಅಲ್ಲಿನ ವಾಯುಪಡೆ ಕೇಳಿತು. ಐಬಿಎಂನಲ್ಲಿ ವರ್ಷಗಟ್ಟಲೆ ದುಡಿದ ವಾಟ್ಸ್ ಹಂಫ್ರಿ 1986ರಲ್ಲಿ ಆ ಸಂಸ್ಥೆಗೆ ಬಂದು ಅದಕ್ಕೆ ರೂಪ ಕೊಟ್ಟರು. 1991ರಲ್ಲಿ ಸಿಎಂಎಂ ಬಂತು, 2000ದಲ್ಲಿ ಅದು ಸಿಎಂಎಂಐ ಆಯಿತು, 2016ರಲ್ಲಿ ಅದನ್ನು ನಡೆಸುವ ಸಂಸ್ಥೆಯನ್ನು ಇಸಾಕಾ ಕೊಂಡುಕೊಂಡಿತು. ಆದ್ದರಿಂದ ನಿನ್ನ ಆಸ್ಪತ್ರೆಯ ಟೆಂಡರಿನವರು ಲೆವೆಲ್ ಕೇಳಿದರೆ ಅವರು ಕೇಳಬೇಕಾದ್ದನ್ನೇ ಕೇಳಿದ್ದಾರೆ. ರೋಗಿಯ ಬಿಲ್ಲು ತಪ್ಪಾಗಬಾರದು, ಒಂದು ಆಸ್ಪತ್ರೆಗೆ ಮಾಡಿದ ಬದಲಾವಣೆಯಿಂದ ಇನ್ನೊಂದರಲ್ಲಿ ಏನೋ ಕೆಡಬಾರದು ಎಂದೇ ಅವರಿಗೆ ಲೆವೆಲ್ ಮೂರು ಬೇಕು. ನೀನು ಅಷ್ಟನ್ನು ಕೊಡುವವಳಾದರೆ ಟೆಂಡರಿಗೆಂದು ಮಾಡಿಸಿದ ಲೆವೆಲ್ಲೂ ನಿಜವಾದದ್ದೇ.

— ನಮ್ಮ ಕಡೆ ಇದು ಮೊದಲು ಬೆಂಗಳೂರಿಗೆ ಬಂತಲ್ಲವಾ?

— ಹೌದು. ಮೊಟೊರೊಲಾದ ಬೆಂಗಳೂರು ಘಟಕ 1993ರಲ್ಲಿ ಐದನೇ ಮಟ್ಟ ಮುಟ್ಟಿತು. ಅದಕ್ಕೆ ಮೊದಲು ಜಗತ್ತಿನಲ್ಲಿ ಇದ್ದದ್ದು ಹ್ಯೂಸ್ಟನ್ನಿನಲ್ಲಿ ಬಾಹ್ಯಾಕಾಶ ನೌಕೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಐಬಿಎಂ ತಂಡ. 1998ರ ಕೊನೆಗೆ ವಿಪ್ರೊ ಬಂತು, ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿಗಳಲ್ಲಿ ಅದೇ ಮೊದಲನೆಯದು. ನಾವಾಗ ಇಲ್ಲಿ ರಬಾಳೆಯಲ್ಲಿ ಐಎಸ್‌ಒ 9000 ಅಂತ ಒದ್ದಾಡುತ್ತಿದ್ದೆವು. ಬೆಂಗಳೂರಿನವರ ಸುದ್ದಿ ಕೇಳಿದಾಗ ನಿಜಕ್ಕೂ ಹೆಮ್ಮೆ ಆಗುತ್ತಿತ್ತು. ಅವರಿಗೆ ನಕಲು ಮಾಡಲು ಇನ್ನೊಬ್ಬರ ಕಡತ ಇರಲಿಲ್ಲ, ತಾವೇ ಕೂತು ಯೋಚಿಸಬೇಕಾಗಿತ್ತು. ಈಗ ಯಾರ ಪೆನ್‌ಡ್ರೈವಿನಲ್ಲಿ ನೋಡಿದರೂ ಪೂರ್ತಿ ಸೆಟ್ ಸಿಗುತ್ತದೆ.

— ಥಾಣೆಯವರು ಸ್ಯಾಂಪಲ್ ಅಂತ ಒಂದು ಸೆಟ್ ಕಳಿಸಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಉಂಟು, ನೋಡುತ್ತೀರಾ?

— ಕೊಡಿಲ್ಲಿ… ನೋಡು, ಮೊದಲ ಪುಟದಲ್ಲಿ ‘ಕಂಪನಿಯ ಹೆಸರು ಇಲ್ಲಿ’ ಅಂತ ಹಳದಿ ಬಣ್ಣ ಬಳಿದಿದ್ದಾರೆ. ಸರಿ. ಕೆಳಗೆ ಬಾ. ಹದಿನಾಲ್ಕನೇ ಪುಟದ ಹೆಡರ್ ನೋಡು.

— ಅಯ್ಯೋ, ಬೇರೆ ಯಾವುದೋ ಕಂಪನಿಯ ಹೆಸರು!

— ಇಲ್ಲಿ ಈ ಪಟ್ಟಿಯಲ್ಲಿ ಅವರ ಪ್ರಾಜೆಕ್ಟ್ ಮ್ಯಾನೇಜರ್ ಹೆಸರೂ ಉಳಿದಿದೆ. ಅವರ ಗಿರಾಕಿ ಯಾರೆಂದೂ ಗೊತ್ತಾಗುತ್ತದೆ. ಇವತ್ತು ಅವರ ಕಾಗದ ನಿನ್ನ ಕೈಗೆ ಬಂದಿದೆ. ಬರುವ ವರ್ಷ ನಿನ್ನದು ಇನ್ನೊಬ್ಬರ ಕೈಯಲ್ಲಿರುತ್ತದೆ. ನೀನು ಆಸ್ಪತ್ರೆಗಳ ಲೆಕ್ಕ ಇಟ್ಟುಕೊಂಡವಳು, ರೋಗಿಗಳ ವಿವರ ನಿನ್ನಲ್ಲಿ ಇರುತ್ತದೆ. ಇದೊಂದೇ ಸಾಕು, ಇವನಿಗೆ ಬೇಡ ಅಂತ ಹೇಳಲಿಕ್ಕೆ.

— ಸರಿ, ಅವರು ಹೋದರು. ಈಗ ಉಳಿದ ಇಬ್ಬರಲ್ಲಿ?

— ವಾಶಿಯವರು ನಿನ್ನ ಆಫೀಸಿಗೆ ಬಂದಿದ್ದರಾ?

— ಬಂದಿದ್ದರು. ಒಬ್ಬರು ಮೇಡಂ. ನನ್ನ ಕ್ಯಾಬಿನ್ನಿನಲ್ಲಿ ಸ್ವಲ್ಪ ಹೊತ್ತು ಕೂತು, ‘ನಿಮ್ಮ ಸಪೋರ್ಟ್ ಡೆಸ್ಕ್ ನೋಡಬಹುದಾ’ ಅಂತ ಕೇಳಿದರು. ಆ ದಿನ ಅಲ್ಲಿ ಗಲಾಟೆ ಇತ್ತು, ಕಲ್ಯಾಣದ ಒಂದು ಆಸ್ಪತ್ರೆಯ ಸರ್ವರ್ ನಿಂತಿತ್ತು. ಇನ್ನೊಂದು ದಿನ ಬನ್ನಿ ಅಂದೆ. ಅವರು, ‘ಇವತ್ತೇ ನೋಡಬೇಕು’ ಅಂದರು. ನನಗೆ ಸ್ವಲ್ಪ ಕಿರಿಕಿರಿ ಆಯಿತು.

— ಆಮೇಲೆ?

— ಹುಡುಗರ ಹಿಂದೆ ನಿಂತುಕೊಂಡರು, ಏನೂ ಮಾತಾಡಲಿಲ್ಲ. ಹೋಗುವಾಗ ಒಂದೇ ಪ್ರಶ್ನೆ ಕೇಳಿದರು. ‘ಆ ಆಸ್ಪತ್ರೆಯವರು ಡಿಸ್ಕೌಂಟಿನ ಲೆಕ್ಕ ಬದಲಾಯಿಸಿ ಅಂತ ಫೋನಿನಲ್ಲಿ ಹೇಳಿದರಲ್ಲ, ಅದನ್ನು ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ನಾಳೆ ಅವನು ರಜೆ ಹಾಕಿದರೆ ಅದು ಯಾರಿಗೆ ಗೊತ್ತಾಗುತ್ತದೆ?’

— ಯಾರಿಗೆ ಗೊತ್ತಾಗುತ್ತದೆ?

— ಯಾರಿಗೂ ಇಲ್ಲ.

— ಅಲ್ಲೇ ಇರುವುದು ವಿಷಯ, ಮಾರಾಯ್ತಿ. ಅವರು ಇನ್ನೂ ಒಂದು ರೂಪಾಯಿ ತೆಗೆದುಕೊಂಡಿಲ್ಲ, ಆಗಲೇ ನಿನ್ನ ಕಂಪನಿಯ ತೂತನ್ನು ತೋರಿಸಿದ್ದಾರೆ. ನಾನೊಂದು ಹೇಳುತ್ತೇನೆ ಕೇಳು. ಇಲ್ಲೇ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗ್ಯಾಸ್ಕೆಟ್ ಮಾಡುವ ಒಂದು ಘಟಕ ಇತ್ತು. ಮಾಲು ಯಾವಾಗಲೂ ತಡ. ಯಜಮಾನರಿಗೆ ಹೊಸ ಪ್ರೆಸ್ ಬೇಕೆಂಬ ನಂಬಿಕೆ, ಬ್ಯಾಂಕಿನಲ್ಲಿ ಸಾಲಕ್ಕೂ ಹಾಕಿದ್ದರು. ಅವರು ಕರೆಸಿದ ಕನ್ಸಲ್ಟೆಂಟ್ ಪ್ರೆಸ್ಸಿನ ಹತ್ತಿರ ಹೋಗಲೇ ಇಲ್ಲ. ಡಿಸ್ಪ್ಯಾಚ್ ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿಸಿಕೊಂಡು, ಪ್ರತಿ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ ಅದು ಅಲ್ಲಿಗೆ ಬಂದ ಹೊತ್ತು ಬರೆದರು. ಹೊರಗೆ ಹೋಗುವಾಗ ಹೋದ ಹೊತ್ತು ಬರೆದರು. ಪೆಟ್ಟಿಗೆಗಳು ತಯಾರಾಗಿ ಅಲ್ಲೇ ಕೂತಿರುತ್ತಿದ್ದವು. ಯಾಕೆಂದರೆ ಟೆಸ್ಟ್ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ ಇದ್ದದ್ದು ಒಬ್ಬರೇ ಎಂಜಿನಿಯರಿಗೆ, ಅವರು ವಾರದ ಅರ್ಧ ಭಾಗ ತಳೋಜದ ಇನ್ನೊಂದು ಶೆಡ್ಡಿನಲ್ಲಿ ಇರುತ್ತಿದ್ದರು. ಸಹಿಯ ಅಧಿಕಾರ ಲ್ಯಾಬಿನ ಇನ್ನಿಬ್ಬರಿಗೆ ಕೊಟ್ಟು, ಅವರನ್ನು ತಯಾರು ಮಾಡಿದರು. ಹೊಸ ಪ್ರೆಸ್ ಬೇಕಾಗಲಿಲ್ಲ. ಆ ಮನುಷ್ಯ ಯಜಮಾನರ ಮಾತು ಕೇಳಿ ಪ್ರೆಸ್ಸಿಗೆ ಒಂದು ಚಂದದ ರಿಪೋರ್ಟ್ ಬರೆದುಕೊಡಬಹುದಿತ್ತು. ಫೀಸೂ ಹೆಚ್ಚು ಸಿಗುತ್ತಿತ್ತು.

— ಆದರೆ ಚಿಕ್ಕಪ್ಪ, ಎಲ್ಲದಕ್ಕೂ ಕನ್ಸಲ್ಟೆಂಟ್ ಯಾಕೆ? ಮುಂಬಯಿಯಲ್ಲಿ ಊಟದ ಡಬ್ಬ ಒಯ್ಯುವ ಡಬ್ಬಾವಾಲಾಗಳಿಗೆ ಯಾವ ಕನ್ಸಲ್ಟೆಂಟ್ ಇದ್ದ? 1890ರಿಂದ ನಡೆಸುತ್ತಿದ್ದಾರೆ. ತಪ್ಪು ಅತಿ ಕಡಿಮೆ ಎಂಬುದಕ್ಕೆ ಹೇಳುವ ಸಿಕ್ಸ್ ಸಿಗ್ಮಾ ದರ್ಜೆ ಅವರಿಗೆ ಉಂಟು ಅಂತ ಎಲ್ಲ ಮ್ಯಾನೇಜ್‌ಮೆಂಟ್ ಭಾಷಣದಲ್ಲೂ ಹೇಳುತ್ತಾರೆ.

— ಸಿಕ್ಸ್ ಸಿಗ್ಮಾ ಅವರಿಗೆ ಯಾರೂ ಕೊಟ್ಟದ್ದಲ್ಲ. 1998ರಲ್ಲಿ ಫೋರ್ಬ್ಸ್ ಪತ್ರಿಕೆ ಅವರ ಬಗ್ಗೆ ಬರೆದ ಮೇಲೆ ಹಬ್ಬಿಕೊಂಡ ಮಾತು ಅದು. ಅದಿಲ್ಲದೆಯೂ ಅವರು ದೊಡ್ಡವರೇ. ಆದರೆ ಅವರಿಗೂ ನಿನಗೂ ಇರುವ ವ್ಯತ್ಯಾಸ ನೋಡು. ಅವರು ಹೆಚ್ಚಿನವರು ಪುಣೆ ಕಡೆಯ ಮಾವಳ, ಖೇಡ್, ಜುನ್ನರದ ಹಳ್ಳಿಗಳವರು, ಒಬ್ಬರಿಗೊಬ್ಬರು ಸಂಬಂಧಿಕರು, ಬಂದರೆ ಆಯಸ್ಸೆಲ್ಲ ಅದೇ ಕೆಲಸ. ಹೊಸ ಹುಡುಗ ಹಿರಿಯನ ಜೊತೆ ಓಡಾಡಿಯೇ ಕಲಿಯುತ್ತಾನೆ. ಡಬ್ಬದ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಗುರುತೇ ಅವರ ಕಡತ. ಕೆಲಸವೂ ದಿನಾ ಅದೇ, ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ. ನಿನ್ನ ಹುಡುಗರು ಹಾಗಾ?

— ಇಲ್ಲ. ಒಬ್ಬ ಬದ್ಲಾಪುರದವ, ಒಬ್ಬ ಬಿಹಾರದವ, ಒಬ್ಬಳು ಬೆಳಗಾವಿಯವಳು. ಎರಡು ವರ್ಷ ನಿಂತರೆ ಹೆಚ್ಚು. ಐರೋಲಿಯಲ್ಲಿ ದೊಡ್ಡ ಕಂಪನಿಗಳು ಕಣ್ಣೆದುರೇ ಉಂಟು, ಟಕ್ಕಂತ ಹಾರುತ್ತಾರೆ. ಕೆಲಸವೂ ವಾರವಾರ ಬದಲಾಗುತ್ತದೆ.

— ಹಾಗಾಗಿಯೇ ನಿನಗೆ ಬರೆದಿಟ್ಟ ಕ್ರಮ ಬೇಕು, ಅದನ್ನು ಬರೆಸುವ ಹೊರಗಿನ ಕಣ್ಣೂ ಸ್ವಲ್ಪ ಕಾಲ ಬೇಕು. ಬರೆಯುವುದು ಮಾತ್ರ ನಿನ್ನ ಹುಡುಗರು. ಕನ್ಸಲ್ಟೆಂಟ್ ಬರೆದುಕೊಟ್ಟದ್ದನ್ನು ಯಾರೂ ಓದುವುದಿಲ್ಲ.

— ನಾನೊಂದು ಹೇಳಲಾ? ಇಂಗ್ಲಿಷಿನಲ್ಲಿ ಇದ್ದರೂ ಯಾರೂ ಓದುವುದಿಲ್ಲ. ನಮ್ಮಲ್ಲಿ ಆಸ್ಪತ್ರೆಗೆ ಹೋಗಿ ಇನ್‌ಸ್ಟಾಲ್ ಮಾಡುವ ಹುಡುಗರು ಹಿಂದಿ, ಮರಾಠಿಯಲ್ಲಿ ಮಾತಾಡುವವರು. ಅವರಿಗೆ ಮೂವತ್ತು ಪುಟದ ಇಂಗ್ಲಿಷ್ ಪ್ರೊಸೀಜರ್ ಕೊಟ್ಟರೆ ಡೌನ್‌ಲೋಡ್ ಕೂಡ ಮಾಡಲಿಕ್ಕಿಲ್ಲ. ದೊಡ್ಡ ಹೆಸರಿನ ಕಂಪನಿಯವರಿಗೆ ಇದನ್ನು ಹೇಳಿದೆ. ‘ಅಂತಾರಾಷ್ಟ್ರೀಯ ಮಟ್ಟದ ದಾಖಲೆ ಇಂಗ್ಲಿಷಿನಲ್ಲೇ ಇರಬೇಕು’ ಅಂದರು.

— ಇಲ್ಲಿ ನಿನ್ನ ಮಾತೇ ಸರಿ. ನಾನು ಇದನ್ನು ಪಟ್ಟಿಯಲ್ಲಿ ಹಾಕಿಕೊಂಡಿರಲಿಲ್ಲ. ಅಪ್ರೈಸರಿಗೆ ಅರ್ಥ ಆಗಬೇಕಾದ್ದು ಇಂಗ್ಲಿಷಿನಲ್ಲಿ ಇರಲಿ. ಕೆಲಸ ಮಾಡುವವನ ಕೈಗೆ ಹೋಗುವ ಚೀಟಿ ಅವನ ಭಾಷೆಯಲ್ಲಿ, ಒಂದೇ ಪುಟದಲ್ಲಿ ಇರಲಿ. ಅಪ್ರೈಸಲ್ಲಿನಲ್ಲಿ ಬರೀ ಕಡತ ನೋಡುವುದಿಲ್ಲ, ಕೆಲಸ ಮಾಡುವವರನ್ನೂ ಕೂರಿಸಿ ಕೇಳುತ್ತಾರೆ. ಆಗ ಬಾಯಿಪಾಠ ಮಾಡಿಸಿದ ಉತ್ತರ ಎರಡನೇ ಪ್ರಶ್ನೆಗೆ ಮುರಿದುಬೀಳುತ್ತದೆ. ‘ನಿಮ್ಮ ಹುಡುಗರಿಗೆ ಪ್ರಶ್ನೋತ್ತರದ ಹಾಳೆ ಕೊಡುತ್ತೇವೆ’ ಎನ್ನುವ ಕನ್ಸಲ್ಟೆಂಟನ್ನು ಕೂಡಲೇ ಬಿಡಬೇಕು.

ನಾನು ಇದನ್ನು ಇಷ್ಟು ಒತ್ತಿ ಹೇಳುವುದು ಈ ಊರಿನಲ್ಲಿ ಬದುಕಿದವನಾದ್ದರಿಂದ. 2016ರ ಮೇ 26ರಂದು ಇಲ್ಲಿ ಎಂಐಡಿಸಿಯ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಿಸಿತು, ದೂರದೂರದ ಮನೆಗಳ ಗಾಜು ಒಡೆದವು. 2024ರ ಮೇ 23ರಂದು ಇನ್ನೊಂದು. ಎರಡರಲ್ಲೂ ಜನ ಸತ್ತರು. ಅವುಗಳ ಕಾರಣ ಹೇಳಬೇಕಾದ್ದು ತನಿಖೆ, ನಾನಲ್ಲ. ಆದರೆ ಅಂದಿನಿಂದ ಯಾವ ಶೆಡ್ಡಿನೊಳಗೆ ಕಾಲಿಟ್ಟರೂ ಗೋಡೆಯ ಮೇಲೆ ಬರೆದದ್ದಕ್ಕೂ ಆಪರೇಟರನ ಕೈ ಮಾಡುವುದಕ್ಕೂ ತಾಳೆ ಉಂಟೋ ಅಂತ ನನ್ನ ಕಣ್ಣು ಮೊದಲು ಹುಡುಕುತ್ತದೆ. ಕಾಗದ ಮಾತ್ರ ಸರಿ ಮಾಡಿಕೊಡುವ ಕನ್ಸಲ್ಟೆಂಟ್ ಎಲ್ಲವೂ ಸರಿಯಾಗಿದೆ ಎಂಬ ಭ್ರಮೆಯನ್ನು ಮಾರುತ್ತಾನೆ. ಅದಕ್ಕಿಂತ ಕಾಗದವೇ ಇಲ್ಲದಿರುವುದು ವಾಸಿ, ಆಗ ಕನಿಷ್ಠ ಎಲ್ಲರಿಗೂ ಹೆದರಿಕೆಯಾದರೂ ಇರುತ್ತದೆ.

— ಸಲಹೆ ಕೊಡುವವರೂ ಪರೀಕ್ಷೆ ಮಾಡುವವರೂ ಒಬ್ಬರೇ ಆಗಬಹುದಾ? ದೊಡ್ಡ ಕಂಪನಿಯವರು ಎರಡೂ ನಮ್ಮಲ್ಲೇ ಆಗುತ್ತದೆ, ಸ್ವಲ್ಪ ಕಡಿಮೆಗೂ ಆಗುತ್ತದೆ ಅಂದರು.

— ಐಎಸ್‌ಒ ಆಗಿದ್ದರೆ ಅದು ಸಾಧ್ಯವೇ ಇಲ್ಲ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೆ ಐಎಸ್‌ಒ/ಐಇಸಿ 17021-1 ಅಂತ ನಿಯಮ ಉಂಟು. ಅವು ಸಲಹೆಯ ವ್ಯಾಪಾರ ಮಾಡಬಾರದು. ಇಂಥ ಕನ್ಸಲ್ಟೆಂಟನ್ನು ಇಟ್ಟುಕೊಂಡರೆ ಸರ್ಟಿಫಿಕೇಟ್ ಸುಲಭ, ಬೇಗ, ಅಗ್ಗ ಎಂದು ಬಾಯಲ್ಲಿ ಕೂಡ ಹೇಳಬಾರದು. ಹೇಳಿದರೆ ಅದೇ ನಿಯಮ ಮುರಿದ ಹಾಗೆ. ನಮ್ಮ ದೇಶದಲ್ಲಿ ಅಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವುದು ಭಾರತೀಯ ಗುಣಮಟ್ಟ ಮಂಡಳಿಯ ಕೆಳಗಿನ ಎನ್‌ಎಬಿಸಿಬಿ. ಅದರ ಪಟ್ಟಿಯಲ್ಲಿ ಇಲ್ಲದ, ಬೇರೆ ದೇಶದ ಒಪ್ಪಿತ ಮಾನ್ಯತಾ ಮಂಡಳಿಯ ಪಟ್ಟಿಯಲ್ಲೂ ಇಲ್ಲದ ಸರ್ಟಿಫಿಕೇಟ್ ಗೋಡೆಗೆ ಹಾಕಲಿಕ್ಕೆ ಮಾತ್ರ.

ಸಿಎಂಎಂಐಯಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಇಸಾಕಾದ ಒಂದೇ ಪಾರ್ಟ್‌ನರ್ ಸಂಸ್ಥೆ ಸಲಹೆಯನ್ನೂ ಕೊಟ್ಟು ಅಪ್ರೈಸಲ್ಲನ್ನೂ ನಡೆಸುವುದುಂಟು. ಹಿತಾಸಕ್ತಿಯ ಸಂಘರ್ಷ ಎಲ್ಲಿದೆ ಎಂಬುದನ್ನು ಬರೆದು ತಿಳಿಸಬೇಕು, ಅದು ನಿಯಮ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಬೇರೆ ಬೇರೆ ಇರಲಿ. ನಿನ್ನ ಪ್ರೊಸೀಜರಿಗೆ ಕೈ ಹಾಕಿದವನಿಗೆ ಅದರ ತಪ್ಪು ಕಾಣುವುದು ಕಷ್ಟ, ಕಂಡರೂ ಹೇಳುವುದು ಇನ್ನೂ ಕಷ್ಟ. ಲೀಡ್ ಅಪ್ರೈಸರನ್ನು ನೀನೇ ಬೇರೆ ಕಡೆಯಿಂದ ಹುಡುಕು. ಅವರ ಹೆಸರು ಇಸಾಕಾದ ಪಟ್ಟಿಯಲ್ಲಿ ಇರಬೇಕು. ತಂಡದಲ್ಲಿ ನಿನ್ನವರೂ ಇರಬಹುದು, ಅವರಿಗೆ ತರಬೇತಿ ಆಗಿರಬೇಕು. ಆ ಖರ್ಚು, ಇಸಾಕಾಗೆ ಕಟ್ಟುವ ಶುಲ್ಕ, ಅಪ್ರೈಸರ್ ಬಂದುಹೋಗುವ ಖರ್ಚು, ಜಿಎಸ್‌ಟಿ, ಇದೆಲ್ಲ ಯಾರ ಲೆಕ್ಕದಲ್ಲಿ ಅಂತ ಕೊಟೇಶನ್ನಿನಲ್ಲೇ ಬರೆಸಿಕೋ. ಅಗ್ಗದ ಕೊಟೇಶನ್ನುಗಳಲ್ಲಿ ಇವೆಲ್ಲ ಆಮೇಲೆ ಹೊರಗೆ ಬರುತ್ತವೆ.

— ದೊಡ್ಡ ಹೆಸರಿನವರು ಬೇಡ ಅಂತಲೇ ನಿಮ್ಮ ಮನಸ್ಸಿನಲ್ಲಿ ಇದ್ದ ಹಾಗಿದೆ. ಆದರೆ ಅವರ ಹೆಸರು ಕೇಳಿದರೆ ನನ್ನ ಗಿರಾಕಿಗಳು ಎದ್ದು ಕೂರುತ್ತಾರೆ, ಅದೂ ಒಂದು ಬೆಲೆ ಅಲ್ಲವಾ?

— ಬೇಡ ಅಂತ ಇಲ್ಲ. ಆದರೆ ಹೆಸರು ಬಂದು ನಿನ್ನ ಹುಡುಗರ ಪಕ್ಕದಲ್ಲಿ ಕೂರುವುದಿಲ್ಲ, ಮನುಷ್ಯ ಬಂದು ಕೂರುವುದು. ಯಾರು ಬರುತ್ತಾರೆ, ತಿಂಗಳಿಗೆ ಎಷ್ಟು ದಿನ ಮಹಾಪೆಯಲ್ಲಿ ಇರುತ್ತಾರೆ, ಅವರನ್ನು ಮಧ್ಯದಲ್ಲಿ ಬದಲಾಯಿಸಿದರೆ ಏನು, ಇದನ್ನು ಕರಾರಿನಲ್ಲಿ ಹೆಸರು ಸಮೇತ ಹಾಕಲು ಒಪ್ಪಿದರೆ ಅವರನ್ನೂ ನೋಡು. ಪ್ರೆಸೆಂಟೇಶನ್ ಕೊಟ್ಟವರು ಒಬ್ಬರು, ಕೆಲಸಕ್ಕೆ ಬರುವವರು ಮೊನ್ನೆ ಕಾಲೇಜು ಮುಗಿಸಿದವರು ಅಂತಾದರೆ ನೀನು ಅವರಿಗೆ ಕಲಿಸಲು ದುಡ್ಡು ಕೊಟ್ಟ ಹಾಗೆ. ಐಎಸ್‌ಒದವರೇ 2005ರಲ್ಲಿ ಕನ್ಸಲ್ಟೆಂಟನ್ನು ಆರಿಸುವುದು ಹೇಗೆ ಅಂತ 10019 ಎಂಬ ಮಾರ್ಗಸೂಚಿ ತಂದರು. ಅದರಲ್ಲಿ ಓದು, ಅನುಭವದ ಜೊತೆಗೆ ಆ ಮನುಷ್ಯನ ಸ್ವಭಾವ, ನಡತೆಯನ್ನೂ ತೂಗಿ ನೋಡಬೇಕೆಂದು ಹೇಳಿದ್ದಾರೆ. ನಾನು ಕಂಡ ಮಟ್ಟಿಗೆ ಹೆಚ್ಚಿನವರು ಅದನ್ನು ತೆರೆದೂ ನೋಡುವುದಿಲ್ಲ, ರೇಟು ನೋಡಿ ಮುಗಿಸುತ್ತಾರೆ.

— ಸ್ವಭಾವ ತಿಳಿಯುವುದು ಹೇಗೆ? ಎಲ್ಲರೂ ಒಳ್ಳೆಯ ಹಳೇ ಗಿರಾಕಿಗಳ ಪಟ್ಟಿಯನ್ನೇ ಕೊಡುತ್ತಾರೆ.

— ಆ ಪಟ್ಟಿಯಲ್ಲಿ ಮಾಲೀಕರಿಗೆ ಫೋನ್ ಮಾಡಬೇಡ. ಅಲ್ಲಿ ಪ್ರೊಸೆಸ್ ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿ ಯಾರು ಕೇಳು, ಅವರ ಹತ್ತಿರ ಮಾತಾಡು. ‘ಕನ್ಸಲ್ಟೆಂಟ್ ಹೋದ ಮೇಲೆ ನೀವು ಯಾವುದನ್ನು ಇನ್ನೂ ಮಾಡುತ್ತಿದ್ದೀರಿ, ಯಾವುದನ್ನು ಬಿಟ್ಟಿರಿ’ ಅಂತ ಕೇಳು. ಯಾವುದನ್ನೂ ಬಿಟ್ಟಿಲ್ಲ ಅಂದರೆ ನಂಬಬೇಡ. ಮೂರು ಬಿಟ್ಟೆವು, ಐದು ಉಳಿಸಿಕೊಂಡೆವು, ಇಂಥ ಕಾರಣಕ್ಕೆ ಅಂದರೆ ಅಲ್ಲಿ ಒಳ್ಳೆಯ ಕೆಲಸ ಆಗಿದೆ. ಮತ್ತೆ, ಲೆವೆಲ್ ಕೊಡುವ ಬೆಂಚ್‌ಮಾರ್ಕ್ ಅಪ್ರೈಸಲ್ಲಿನ ರೇಟಿಂಗ್ ಇರುವುದು ಮೂರು ವರ್ಷ. ಮೂರು ವರ್ಷದ ಹಿಂದಿನ ಅವರ ಗಿರಾಕಿಗಳು ಮತ್ತೆ ಮಾಡಿಸಿದ್ದಾರೋ ಇಲ್ಲವೋ ನೋಡು. ಪ್ರಕಟವಾದ ಫಲಿತಾಂಶಗಳು ಯಾರಿಗೆ ಬೇಕಾದರೂ ಸಿಗುತ್ತವೆ, ಗುಟ್ಟಿನದೇನಲ್ಲ. ಅಲ್ಲಿ ಕಂಪನಿಯ ಯಾವ ಘಟಕಕ್ಕೆ ಲೆವೆಲ್ ಅಂತಲೂ ಇರುತ್ತದೆ. ಮಹಾಪೆಯ ಒಂದು ಘಟಕಕ್ಕೆ ಸಿಕ್ಕಿದ್ದನ್ನು ಇಡೀ ಕಂಪನಿಯದು ಅಂತ ಹೇಳಿಕೊಳ್ಳಬಾರದು. ಇದನ್ನು ನಿನಗೆ ಮೊದಲೇ ಹೇಳುವ ಕನ್ಸಲ್ಟೆಂಟ್ ಪ್ರಾಮಾಣಿಕ.

ರಬಾಳೆಯಲ್ಲಿ ಥಾಣೆ–ಬೇಲಾಪುರ ಇಂಡಸ್ಟ್ರೀಸ್ ಅಸೋಸಿಯೇಶನ್ ಉಂಟು. ಥಾಣೆಯವರ ಸಣ್ಣ ಕೈಗಾರಿಕೆಗಳ ಸಂಘ ವಾಗ್ಳೆ ಎಸ್ಟೇಟಿನಲ್ಲಿ, ಕಲ್ಯಾಣ–ಅಂಬರನಾಥದವರ ಸಂಘ ಕಾಮಾ ಇಲ್ಲೇ ಡೊಂಬಿವಲಿಯಲ್ಲಿ. ಅಲ್ಲಿ ಹೋಗಿ ಕೂತು ಮಾತಾಡಿದರೆ ಯಾರು ಕೆಲಸ ಮಾಡುವವರು, ಯಾರು ಕಾಗದದವರು ಅಂತ ಬಾಯಿಂದ ಬಾಯಿಗೆ ತಿಳಿಯುತ್ತದೆ. ನಮ್ಮ ಕನ್ನಡದವರು ಕನ್ನಡ ಸಂಘದ ಕಾರ್ಯಕ್ರಮಗಳಿಗೆಲ್ಲ ಹೋಗುತ್ತಾರೆ, ಇಂಥ ಕಡೆಗೆ ಯಾಕೋ ಹೋಗುವುದು ಕಡಿಮೆ.

— ಅಂಬರನಾಥ ಅಂದಾಗ ನೆನಪಾಯಿತು. ಅತ್ತಿಗೆಯ ಪ್ಯಾಕಿಂಗ್ ಘಟಕಕ್ಕೆ ಒಬ್ಬರು ಬಂದು, ಸಣ್ಣ ಉದ್ದಿಮೆಗಳ ಗುಣಮಟ್ಟಕ್ಕೆಂದು ಕೇಂದ್ರ ಸರ್ಕಾರದ ಝೆಡ್ ಯೋಜನೆ ಉಂಟಲ್ಲ, ಅದರ ಬ್ರಾಂಜ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, 30 ಸಾವಿರ ಕೊಡಿ ಅಂದರಂತೆ.

— ಕೊಟ್ಟಳಾ?

— ಇನ್ನೂ ಇಲ್ಲ.

— ಕೊಡುವುದು ಬೇಡ ಅನ್ನು. 2022ರ ಏಪ್ರಿಲ್‌ನಲ್ಲಿ ಆ ಯೋಜನೆಯನ್ನು ಹೊಸದಾಗಿ ತಂದಾಗ ಬ್ರಾಂಜಿಗೆ 10 ಸಾವಿರ, ಸಿಲ್ವರಿಗೆ 40 ಸಾವಿರ, ಗೋಲ್ಡಿಗೆ 90 ಸಾವಿರ ಅಂತ ಶುಲ್ಕ ಇಟ್ಟರು. ಅದರಲ್ಲೂ ಅತಿ ಸಣ್ಣ ಘಟಕಕ್ಕೆ ನೂರಕ್ಕೆ 80 ಸಬ್ಸಿಡಿ. ಹೆಂಗಸರ ಒಡೆತನದ ಘಟಕಗಳಿಗೆ ಆಮೇಲೆ ಪೂರ್ತಿ ಮಾಫಿ ಮಾಡಿದರು. ಪೋರ್ಟಲಿನಲ್ಲಿ ತಾನೇ ಅರ್ಜಿ ಹಾಕಬಹುದು. ಸಂಜೆ ಅವಳಿಗೆ ನಾನೇ ಫೋನ್ ಮಾಡುತ್ತೇನೆ. ಗೊತ್ತಿಲ್ಲದವರ ಹತ್ತಿರ ಹೀಗೆ ಕಿತ್ತುಕೊಳ್ಳುವುದು ನೋಡಿದರೆ ನನಗೆ ಸಹಿಸಲಿಕ್ಕಾಗುವುದಿಲ್ಲ.

— ಹಾಗಾದರೆ ವಾಶಿಯವರಿಗೆ ಹ್ಞೂಂ ಅನ್ನಲಾ?

— ಪೂರ್ತಿ ಹ್ಞೂಂ ಅನ್ನಬೇಡ. ಮೊದಲು ಈಗಿನ ಸ್ಥಿತಿ ಹೇಗಿದೆ ಎಂದು ನೋಡಿ ವರದಿ ಕೊಡುವ ಕೆಲಸ ಮಾತ್ರ ಕೊಡು, ಅದಕ್ಕೆ ಬೇರೆ ಫೀಸು. ವರದಿಯಲ್ಲಿ ನಿನಗೆ ಹಿತವಾಗದ ಮಾತು ಒಂದಾದರೂ ಇರಬೇಕು. ಎಲ್ಲ ಚೆನ್ನಾಗಿದೆ, ಸ್ವಲ್ಪ ಕಾಗದ ಬೇಕು ಅಂದರೆ ಅಲ್ಲಿಗೇ ನಿಲ್ಲಿಸು. ಮುಂದುವರಿಸಿದರೆ ಹಣದ ಕಂತುಗಳನ್ನು ಲೆವೆಲ್ಲಿಗೆ ಕಟ್ಟಬೇಡ. ಲೆವೆಲ್ ಬಂದರೆ ಇಷ್ಟು ಅಂದರೆ ಅವರಿಗೂ ಅಡ್ಡದಾರಿಯ ಆಸೆ ಹುಟ್ಟುತ್ತದೆ. ಕಾಣುವ ಕೆಲಸಕ್ಕೆ ಕಟ್ಟು. ಗಿರಾಕಿ ಕೇಳಿದ ಬದಲಾವಣೆಗಳೆಲ್ಲ ಒಂದೇ ಕಡೆ ದಾಖಲಾಗುತ್ತಿವೆಯಾ, ಸತತ ಮೂರು ತಿಂಗಳು ಆಯಿತಾ, ಒಂದು ಕಂತು. ನಿನ್ನವರಲ್ಲಿ ಇಬ್ಬರು ಅವರಿಲ್ಲದೆ ಒಳಗಿನ ಆಡಿಟ್ ಮಾಡಬಲ್ಲರಾ, ಇನ್ನೊಂದು ಕಂತು.

— ಒಂದು ವರ್ಷ ಆಗಬಹುದು ಹಾಗೆ ಮಾಡಿದರೆ.

— ಆಗಬಹುದು.

— ಅಷ್ಟರಲ್ಲಿ ಇನ್ನೂ ಒಂದೆರಡು ಟೆಂಡರ್ ಕೈತಪ್ಪುತ್ತದೆ.

— ತಪ್ಪುತ್ತದೆ. ಅದನ್ನು ಸಣ್ಣ ನಷ್ಟ ಅಂತ ನಾನು ಹೇಳುವುದಿಲ್ಲ, ನಿನಗೆ ಸಾಲ ಉಂಟು ಅಂತ ಗೊತ್ತು. ಆದರೆ ಫೋನಿನಲ್ಲಿ ಬಂದ ಆ ಬದಲಾವಣೆಗಳಿಗೆ ಈಗ ನೀನು ಬಿಲ್ ಮಾಡುತ್ತಿದ್ದೀಯಾ?

— ಹೇಗೆ ಮಾಡುವುದು, ಎಷ್ಟಾಯಿತು ಅಂತಲೇ ಗೊತ್ತಿಲ್ಲವಲ್ಲ.

— ಅದನ್ನು ಮೊದಲು ಲೆಕ್ಕಕ್ಕೆ ತಾ. ಕನ್ಸಲ್ಟೆಂಟಿನ ಫೀಸಿನ ಒಂದು ಪಾಲಾದರೂ ಅಲ್ಲಿಂದಲೇ ಹುಟ್ಟಬಹುದು.

— ಸೋಮವಾರ ಆ ಮೇಡಂ ಅವರನ್ನು ಕರೆಸುತ್ತೇನೆ. ಆದರೆ ನಾನೊಬ್ಬಳೇ ಕೂತು ತೀರ್ಮಾನ ಮಾಡುವುದಿಲ್ಲ ಚಿಕ್ಕಪ್ಪ. ಸಪೋರ್ಟಿನ ಹುಡುಗರನ್ನೂ ಕೂರಿಸುತ್ತೇನೆ, ಅವರೂ ಪ್ರಶ್ನೆ ಕೇಳಲಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡವನೇ ಮೊದಲು ಕೇಳಲಿ.

— ಕೂರಿಸು. ಅವನ ಪ್ರಶ್ನೆಗೆ ಅವರು ನಿನ್ನ ಮುಖ ನೋಡಿ ಉತ್ತರ ಕೊಡುತ್ತಾರೋ, ಅವನ ಮುಖ ನೋಡಿ ಕೊಡುತ್ತಾರೋ ಗಮನಿಸು. ಮತ್ತೆ ಬರುವ ಮೊದಲು ಆ ಟೆಂಡರಿನ ಷರತ್ತಿನ ಪುಟ ನನಗೆ ವಾಟ್ಸಾಪ್ ಮಾಡು, ಜಂಟಿಗೆ ಅವಕಾಶ ಉಂಟೋ ನಾನೂ ಒಮ್ಮೆ ಓದುತ್ತೇನೆ.